ಬಟ್ಟೆ ಚೂರಿನಲ್ಲಿ ಸ್ವಾತಂತ್ರ್ಯ ದಿನದ ಅಲಂಕಾರ: ಬಣ್ಣ ಬಿಡದ ಹಾಗೆ, ಧ್ವಜಕ್ಕೆ ಅಗೌರವ ಆಗದ ಹಾಗೆ

ಪ್ರಶ್ನೆ: ಟೀಚರೇ, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬ್ಲೌಸ್, ಚೂಡಿದಾರ್ ಹೊಲಿದು ಉಳಿದ ಚೂರುಗಳು ಗೋಣಿ ತುಂಬ ಇವೆ. ನಮ್ಮ ಯಜಮಾನರ ಹಳೆ ಮುಂಡು (ಪಂಚೆ), ಅತ್ತೆಯ ಹಳೆ ಕಾಸರಗೋಡು ಸೀರೆ, ಬಾಟಲಿ, ಗೆರಟೆ, ಬಳೆ ಎಲ್ಲ ಇದೆ. ಆಗಸ್ಟ್ 15ಕ್ಕೆ ಮನೆಗೂ ಹತ್ತಿರದ ಅಂಗನವಾಡಿಗೂ ಕೇಸರಿ, ಬಿಳಿ, ಹಸಿರು ಸೇರಿಸಿ ಏನಾದರೂ ಅಲಂಕಾರ ಮಾಡಬೇಕು ಅಂತ ಆಸೆ. ಹೋದ ವರ್ಷ ಬಾಗಿಲಿಗೆ ತೋರಣ ಮಾಡಿದ್ದೆ. ಬಟ್ಟೆಯನ್ನು ಮೊದಲೇ ಉಪ್ಪು, ವಿನೆಗರ್ ಹಾಕಿ ನೆನೆಸಿದ್ದೆ. ಆದರೂ ಒಂದು ಮಳೆಗೆ ಹಸಿರು ಬಿಟ್ಟು ಬಿಳಿಯೆಲ್ಲ ಹಾಳಾಯಿತು. ಅತ್ತೆ ಹೇಳುತ್ತಾರೆ, ಮೂರು ಬಣ್ಣ ಒಟ್ಟಿಗೆ ಹೊಲಿದರೆ ಪೊಲೀಸ್ ಕೇಸ್ ಆಗುತ್ತದೆ ಅಂತ. ಆದರೆ ಪೇಟೆಯಲ್ಲಿ ಧ್ವಜದ ಚಿತ್ರ ಇರುವ ಕುಶನ್ ಕವರ್ ಮಾರುತ್ತಾರಲ್ಲ? 2022ರಲ್ಲಿ ಹಾರಿಸಿದ ಪಾಲಿಸ್ಟರ್ ಧ್ವಜ ಅಂಚು ಹರಿದು ಕಪಾಟಿನಲ್ಲಿದೆ. ಅದರ ಬಟ್ಟೆ ಬಳಸಬಹುದಾ? ಚೆನ್ನಾಗಿ ಬಂದರೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಸ್ಟಾಲಿನಲ್ಲಿ ಇಟ್ಟು ಮಾರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಸೇರಿಕೊಂಡಿವೆ. ಒಂದು, ಕಾನೂನಿನದು. ಇನ್ನೊಂದು, ಕಷ್ಟಪಟ್ಟು ಹೊಲಿದದ್ದು ಮಳೆಗೆ ಹಾಳಾಗುವುದು. ಹೊಲಿಗೆ ಕಲಿಸುವ ನನ್ನ ಹತ್ತಿರ ಜುಲೈ ಬಂತೆಂದರೆ ಈ ಎರಡೇ ಪ್ರಶ್ನೆ ಜಾಸ್ತಿ ಬರುವುದು. ಅತ್ತೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಕೇಸರಿ, ಬಿಳಿ, ಹಸಿರು ಬಟ್ಟೆ ಒಂದೇ ಕಡೆ ಇದ್ದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಹಾಗಿದ್ದರೆ ಮದುವೆ ಮನೆಯ ಎಷ್ಟು ಸೀರೆಗಳ ಮೇಲೆ ಕೇಸ್ ಹಾಕಬೇಕಾಗುತ್ತಿತ್ತು, ಅಲ್ವಾ? ಕಾನೂನು ಕಾಪಾಡುವುದು ಧ್ವಜವನ್ನು. ಆದರೆ ಧ್ವಜ ಅಂದರೆ ಕಂಬದ ಮೇಲೆ ಹಾರುವ ಬಟ್ಟೆ ಮಾತ್ರ ಅಂತ ತಿಳಿಯಬೇಡಿ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಲ್ಲಿ ಧ್ವಜದ ಚಿತ್ರ, ಫೋಟೋ, ಧ್ವಜದ ಒಂದು ಭಾಗವನ್ನು ತೋರಿಸುವ ರೂಪ ಕೂಡ ಧ್ವಜದ ಲೆಕ್ಕಕ್ಕೇ ಬರುತ್ತದೆ. ಅದನ್ನು ಯಾವ ವಸ್ತುವಿನಿಂದ ಮಾಡಿದರೂ, ಯಾವ ವಸ್ತುವಿನ ಮೇಲೆ ಮಾಡಿದರೂ ಅಷ್ಟೇ. ಅಪಮಾನ ಮಾಡಿದವರಿಗೆ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು.

ನಮ್ಮಂತಹ ಹೊಲಿಗೆಯವರಿಗೆ ನೇರವಾಗಿ ಬೇಕಾದ ಮಾತು 2005ರ ತಿದ್ದುಪಡಿಯಲ್ಲಿದೆ. ಕುಶನ್, ಕರ್ಚೀಫು, ನ್ಯಾಪ್ಕಿನ್, ಒಳ ಉಡುಪು, ಉಡುಪಿನ ಬಟ್ಟೆ ಇವುಗಳ ಮೇಲೆ ಧ್ವಜವನ್ನು ಕಸೂತಿ ಹಾಕುವುದಾಗಲಿ, ಪ್ರಿಂಟ್ ಮಾಡುವುದಾಗಲಿ ಕೂಡದು. ಪೇಟೆಯಲ್ಲಿ ನೀವು ನೋಡಿದ ಕುಶನ್ ಕವರ್ ಇದೇ ಸಾಲಿಗೆ ಬರುತ್ತದೆ. ಅಂಗಡಿಯಲ್ಲಿ ಮಾರುತ್ತಾರೆ ಎಂದ ಕೂಡಲೇ ಅದು ಸರಿಯಾಗುವುದಿಲ್ಲ. ಜೊತೆಗೆ ಭಾರತದ ಧ್ವಜ ಸಂಹಿತೆ, 2002 ಇದೆ. ಧ್ವಜವನ್ನು ತೋರಣ, ಹೂವಿನಾಕಾರದ ಗೊಂಡೆ, ಬಂಟಿಂಗ್ ಅಥವಾ ಬೇರೆ ಯಾವುದೇ ರೀತಿಯ ಅಲಂಕಾರವಾಗಿ ಬಳಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅಂದರೆ ಪುಟ್ಟ ಪುಟ್ಟ ಧ್ವಜಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟುವುದು ಬೇಡ. ಪರದೆ, ಟೇಬಲ್ ಕ್ಲಾತ್, ಕಾಲೊರಸು ಇವಕ್ಕೂ ಧ್ವಜದ ರೂಪ ಬೇಡವೇ ಬೇಡ.

ಇನ್ನೊಂದು ಬದಿಯನ್ನೂ ಹೇಳಬೇಕು. 2013ರಲ್ಲಿ ಕೊಯಮತ್ತೂರಿನ ಒಂದು ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ತ್ರಿವರ್ಣದ ಭಾರತ ನಕ್ಷೆ ಇದ್ದ ಕೇಕ್ ಕತ್ತರಿಸಿದ್ದಕ್ಕೆ ದೂರು ದಾಖಲಾಗಿತ್ತು. ಅದು ಧ್ವಜಕ್ಕೆ ಮಾಡಿದ ಅಪಮಾನ ಅಲ್ಲ ಎಂದು ಮದ್ರಾಸ್ ಹೈಕೋರ್ಟ್ 2021ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ಮಾಡಿದವರ ಉದ್ದೇಶ ಏನಿತ್ತು ಎನ್ನುವುದನ್ನು ಕೋರ್ಟ್ ಮುಖ್ಯವಾಗಿ ನೋಡಿತು. ಹಾಗಾಗಿ ಪ್ರೀತಿಯಿಂದ ಮಾಡಿದ ಒಂದು ಗೋಡೆ ಅಲಂಕಾರಕ್ಕೆ ನೀವು ರಾತ್ರಿ ನಿದ್ದೆ ಕೆಡಬೇಕಾಗಿಲ್ಲ. ಆದರೆ ಆ ತೀರ್ಪು ಬರಲು ಏಳು ವರ್ಷಕ್ಕೂ ಜಾಸ್ತಿ ಹಿಡಿಯಿತು ಎಂಬುದೂ ನೆನಪಿರಲಿ. ಸುಲಭದಲ್ಲಿ ತಪ್ಪಿಸಬಹುದಾದ ಗೊಂದಲವನ್ನು ತಪ್ಪಿಸುವುದೇ ಒಳ್ಳೆಯದು.

ನಾನು ಕ್ಲಾಸಿನಲ್ಲಿ ಹೇಳುವುದು ಇಷ್ಟೇ: ಧ್ವಜದ ಬಣ್ಣ ತೆಗೆದುಕೊಳ್ಳಿ, ಧ್ವಜದ ಆಕಾರ ಬಿಡಿ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು, ಮೂರೂ ಒಂದೇ ಅಗಲದ ಅಡ್ಡಪಟ್ಟಿ, ಮಧ್ಯದಲ್ಲಿ ಚಕ್ರ ಬಂದರೆ ಅದು ಧ್ವಜವೇ. ಈ ಜೋಡಣೆಯನ್ನು ಮುರಿಯಿರಿ. ಚಕ್ರ ಹಾಕಬೇಡಿ. ಪಟ್ಟಿಯ ಬದಲು ಎಲೆ, ಹೂ, ಚೌಕ ಮಾಡಿ. ನಾಲ್ಕನೇ, ಐದನೇ ಬಣ್ಣ ಸೇರಿಸಿ. ಅರಸಿನದ ಹಳದಿ, ಕುಂಕುಮದ ಕೆಂಪು, ನೀಲಿ ಯಾವುದಾದರೂ ಆಗಬಹುದು. ಮುಗಿದ ಮೇಲೆ ಮನೆಯ ಮಕ್ಕಳಿಗೆ ದೂರದಿಂದ ತೋರಿಸಿ, ಇದೇನು ಅಂತ ಕೇಳಿ. "ಬಾವುಟ" ಅಂದರೆ ಇನ್ನಷ್ಟು ಬದಲಿಸಿ.

ಈಗ ಬಣ್ಣದ ವಿಷಯ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಬಣ್ಣ ಹಾಕುವವರು ಉಪ್ಪು ಬಳಸುವುದು ನಿಜ. ಬಣ್ಣದ ನೀರಿನಲ್ಲಿ ಉಪ್ಪು ಇದ್ದರೆ ಬಣ್ಣ ನೀರನ್ನು ಬಿಟ್ಟು ನೂಲಿನ ಕಡೆಗೆ ಚೆನ್ನಾಗಿ ಹೋಗುತ್ತದೆ. ಆದರೆ ಅದು ಬಣ್ಣ ಹಾಕುವಾಗಿನ ಕೆಲಸ. ಬಣ್ಣ ಹಾಕಿ ಮುಗಿದ ಬಟ್ಟೆಯನ್ನು ನೀವು ಮನೆಯಲ್ಲಿ ಉಪ್ಪುನೀರಿನಲ್ಲಿ ನೆನೆಸಿದರೆ ಏನೂ ಗಟ್ಟಿಯಾಗುವುದಿಲ್ಲ. ವಿನೆಗರಿನಂಥ ಹುಳಿ ಬೇಕಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಒಂದು ಜಾತಿಯ ಬಣ್ಣಗಳಿಗೆ. ಹತ್ತಿಗೆ ಅದರಿಂದ ಪ್ರಯೋಜನ ಇಲ್ಲ.

ಹಾಗಾದರೆ ಹತ್ತಿ ಬಟ್ಟೆ ಬಣ್ಣ ಬಿಡುವುದು ಯಾಕೆ? ಹತ್ತಿಗೆ ಹಾಕುವ ಬಣ್ಣಗಳಲ್ಲಿ ರಿಯಾಕ್ಟಿವ್ ಎಂಬ ಬಗೆ ಇದೆ. ಅದು ನೂಲಿನ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಹಾಗೆ ಕೂಡದೆ ಉಳಿದ ಸ್ವಲ್ಪ ಬಣ್ಣವನ್ನು ತಯಾರಿಸುವವರು ಬಿಸಿನೀರು, ಸೋಪಿನಲ್ಲಿ ತೊಳೆದು ತೆಗೆಯಬೇಕು. ಅಲ್ಲಿ ತೊಳೆಯುವುದು ಕಡಿಮೆಯಾದರೆ ಆ ಬಣ್ಣ ನಮ್ಮ ಮನೆಯಲ್ಲಿ ಹೊರಗೆ ಬರುತ್ತದೆ. ಇಂಥ ಬಟ್ಟೆಯನ್ನು ಕೆಲವು ಸಲ ಬಿಸಿನೀರಿನಲ್ಲಿ ತೊಳೆದರೆ ನೀರು ತಿಳಿಯಾಗುತ್ತದೆ, ಆಮೇಲೆ ನಂಬಬಹುದು. ಇನ್ನೊಂದು ಬಗೆ ಡೈರೆಕ್ಟ್ ಬಣ್ಣ. ಅದು ನೂಲಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ ಅಷ್ಟೇ. ಎಷ್ಟು ತೊಳೆದರೂ ಒದ್ದೆಯಾದಾಗಲೆಲ್ಲ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಡೈ ಫಿಕ್ಸರ್ ಇದಕ್ಕೆ ಸ್ವಲ್ಪ ಸಹಾಯ ಮಾಡೀತು, ಪೂರ್ತಿ ಅಲ್ಲ. ಅಂಥ ಬಟ್ಟೆಯನ್ನು ಬಿಳಿಯ ಪಕ್ಕ ಇಡಲೇಬೇಡಿ. ನಿಮ್ಮ ಚೂರುಗಳಲ್ಲಿ ಬ್ಲೌಸಿನ ಲೈನಿಂಗ್ ಬಟ್ಟೆ ಬಹಳ ಇರಬಹುದು. ನಾನು ನೋಡಿದ ಹಾಗೆ ಅತಿ ಹೆಚ್ಚು ಬಣ್ಣ ಬಿಡುವುದು ಆ ಅಗ್ಗದ ಲೈನಿಂಗಿನ ಕಡು ಹಸಿರು, ಕಡು ನೀಲಿ, ಕೆಂಪು.

ಕಂಡುಹಿಡಿಯುವುದು ಸುಲಭ. ಅಂಗೈಯಷ್ಟು ಚೂರನ್ನು ಒದ್ದೆ ಮಾಡಿ, ಒದ್ದೆ ಬಿಳಿ ಮುಂಡಿನ ತುಂಡಿನಲ್ಲಿ ಸುತ್ತಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಐದು ನಿಮಿಷ ನೀರಿನಲ್ಲಿ ಅದ್ದಿ ನೋಡಿದರೆ ಸಾಲದು. ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ನೆನೆದ ತೋರಣ ದಿನಗಟ್ಟಲೆ ಒಣಗುವುದೇ ಇಲ್ಲ. ಹಸಿರು ಬಟ್ಟೆ ಅಷ್ಟು ಹೊತ್ತು ಒದ್ದೆಯಾಗಿ ಬಿಳಿಗೆ ತಾಗಿಕೊಂಡೇ ಇರುತ್ತದೆ. ನಿಮ್ಮ ತೋರಣ ಹಾಳಾದದ್ದು ಹೀಗೇ ಇರಬೇಕು. ಬೆಳಿಗ್ಗೆ ಬಿಳಿ ತುಂಡಿನಲ್ಲಿ ಕಲೆ ಇಲ್ಲದಿದ್ದರೆ ಧೈರ್ಯವಾಗಿ ಹೊಲಿಯಿರಿ. ಕಸೂತಿ ದಾರವನ್ನೂ ಹೀಗೇ ನೋಡಿ, ಅದರಲ್ಲೂ ನೀಲಿ ಮತ್ತು ಕೆಂಪನ್ನು. ಬಟ್ಟೆಯನ್ನೆಲ್ಲ ಪರೀಕ್ಷೆ ಮಾಡಿ ದಾರವನ್ನು ಮರೆಯುವವರು ಬಹಳ ಜನ.

ಚೂರುಗಳಲ್ಲಿ ಯಾವುದು ಹತ್ತಿ, ಯಾವುದು ಪಾಲಿಸ್ಟರ್ ಅಂತ ಮೊದಲೇ ಬೇರೆ ಮಾಡಿ. ಹೊರಗೆ, ನೀರಿನ ಪಾತ್ರೆಯ ಮೇಲೆ, ಇಕ್ಕುಳದಲ್ಲಿ ಹಿಡಿದು ಒಂದೆರಡು ಎಳೆ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಸ್ಟರಿನ ಬಣ್ಣ ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ಆದರೆ ತುಂಬ ಬಿಸಿ ಇಸ್ತ್ರಿ ತಾಗಿದರೆ ಬಣ್ಣ ಪಕ್ಕದ ಬಟ್ಟೆಗೆ ಹತ್ತಬಹುದು, ಬಟ್ಟೆಯೇ ಮುದುಡಬಹುದು. ತೊಳೆಯದ ಹತ್ತಿಯನ್ನು ಪಾಲಿಸ್ಟರಿಗೆ ಸೇರಿಸಿ ಹೊಲಿದರೆ ಮೊದಲ ತೊಳೆತದಲ್ಲೇ ಹತ್ತಿ ಕುಗ್ಗಿ ಇಡೀ ಕೆಲಸ ಸುಕ್ಕಾಗುತ್ತದೆ. ಒಂದು ಅಲಂಕಾರಕ್ಕೆ ಒಂದೇ ಜಾತಿಯ ಬಟ್ಟೆ ಇರಲಿ.

ಬಿಳಿಗೆ ಹಳೆ ಮುಂಡಿನಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ಎಷ್ಟೋ ಸಲ ತೊಳೆದು ಕುಗ್ಗುವುದೆಲ್ಲ ಕುಗ್ಗಿ ಆಗಿರುತ್ತದೆ. ಕೂತು ಕೂತು ನಡುಭಾಗ ಸವೆದಿರುತ್ತದೆ, ಅದನ್ನು ಬಿಟ್ಟು ಎರಡು ತುದಿಯಿಂದ ತೆಗೆಯಿರಿ. ಕೋರಾ ಮುಂಡಿನ ಕೆನೆ ಬಣ್ಣವನ್ನು ಬ್ಲೀಚ್ ಹಾಕಿ ಬಿಳಿ ಮಾಡಲು ಹೋಗಬೇಡಿ. ಕೇಸರಿ, ಹಸಿರಿನ ನಡುವೆ ಆ ಕೆನೆ ಬಣ್ಣ ಬಹಳ ಚಂದ ಕಾಣುತ್ತದೆ. ನೋಡಿದ ಕೂಡಲೇ ಧ್ವಜ ಅನ್ನಿಸದಿರಲೂ ಅದು ಸಹಾಯ ಮಾಡುತ್ತದೆ. ಅತ್ತೆಯ ಕಾಸರಗೋಡು ಸೀರೆಗೆ ಮಾತ್ರ ಅವಸರದಲ್ಲಿ ಕತ್ತರಿ ಹಾಕಬೇಡಿ. ನಮ್ಮ ಊರಿನ ಕೈಮಗ್ಗದ ಆ ಹತ್ತಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಉಡಲು ಬರುವಂತಿದ್ದರೆ ಉಡಲಿ. ಒಡಲು ಹರಿದು ಅಂಚು ಮಾತ್ರ ಗಟ್ಟಿ ಇದ್ದರೆ, ಅತ್ತೆಯನ್ನು ಕೇಳಿ, ಆ ಅಂಚನ್ನು ಗೋಡೆ ಅಲಂಕಾರದ ಸುತ್ತಲಿನ ಪಟ್ಟಿಯಾಗಿ ಬಳಸಿ.

ಇನ್ನು ಬೂಷ್ಟು. ಮಳೆಗಾಲದಲ್ಲಿ ಬಟ್ಟೆಗೆ ಗಂಜಿ ಹಾಕಬೇಡಿ, ಮೈದಾ ಅಂಟು ಬಳಸಬೇಡಿ. ಬೂಷ್ಟಿಗೆ ಅದೇ ಊಟ. ಜಿರಳೆ, ಬೆಳ್ಳಿಹುಳಕ್ಕೂ ಅದೇ. ಬಿಳಿ ಗಮ್ ಕೂಡ ತೇವ ಹಿಡಿದು ಮೆತ್ತಗಾಗುತ್ತದೆ. ಸಾಧ್ಯವಾದಲ್ಲೆಲ್ಲ ಸೂಜಿ ದಾರವೇ ಇರಲಿ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರಿಕೊಂಡಿರುತ್ತದೆ. ಅದಕ್ಕೆ ತಾಗಿಸಿ ಬಟ್ಟೆ ತೂಗಿದರೆ ಹಿಂಬದಿ ಕಪ್ಪಾಗುವುದು ಖಂಡಿತ. ಮೇಲೆ, ಕೆಳಗೆ ಒಂದೊಂದು ಬಿದಿರಿನ ಸೀಳು ಕೊಟ್ಟು ಗೋಡೆಯಿಂದ ಎರಡು ಬೆರಳು ದೂರ ನಿಲ್ಲಿಸಿ.

ಏನು ಮಾಡಬಹುದು ಅಂತ ಕೇಳಿದರೆ, ನನ್ನ ಮೊದಲ ಆಯ್ಕೆ ಕೌದಿ ಹೊಲಿಗೆಯ ಗೋಡೆ ಚಿತ್ರ. ಅಂಗನವಾಡಿಗೆ ಭಾರತದ ನಕ್ಷೆ ಮಾಡಿಕೊಡಿ. ಕೋರಾ ಮುಂಡಿನ ನೆಲ, ಒಳಗೆ ಹಳೆ ಸೀರೆಯ ಪದರ, ಹಿಂದೆ ಹಳೆ ಬೆಡ್‌ಶೀಟ್. ಮೇಲೆ ಬೇರೆ ಬೇರೆ ಬಣ್ಣದ ಚೂರುಗಳಲ್ಲಿ ದೇಶದ ಆಕಾರ ಕೂರಿಸಿ, ಅಂಚು ಮಡಚಿ, ಇಡೀ ಬಟ್ಟೆಗೆ ಸಾಲು ಸಾಲಾಗಿ ಸಾದಾ ಹೊಲಿಗೆ ಹಾಕುತ್ತಾ ಹೋಗಿ. ಒಂದೊಂದು ರಾಜ್ಯಕ್ಕೆ ಒಂದೊಂದು ಚೂರು ಅಂತ ಹೊರಟರೆ ಗೋವಾ, ಸಿಕ್ಕಿಂ ಬಂದಾಗ ಕೈ ಸೋಲುತ್ತದೆ. ಬೆಟ್ಟ, ಬಯಲು, ಮರುಭೂಮಿ, ಕರಾವಳಿ ಅಂತ ಭಾಗ ಮಾಡಿಕೊಂಡರೆ ಸಲೀಸು, ಮಕ್ಕಳಿಗೂ ಹೇಳಿಕೊಡಬಹುದು. ಹೊರರೇಖೆಯನ್ನು ಸರ್ವೆ ಆಫ್ ಇಂಡಿಯಾದ ನಕ್ಷೆಯಿಂದಲೇ ತೆಗೆಯಿರಿ. ಎಲ್ಲಿಂದಲೋ ಸಿಕ್ಕಿದ ಚಿತ್ರಗಳಲ್ಲಿ ಉತ್ತರದ ಗಡಿ ತಪ್ಪಾಗಿರುವುದುಂಟು. ಹಾಗೆ ತಪ್ಪಿರುವ ನಕ್ಷೆ ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧ ಕೂಡ. ಬಟ್ಟೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ದ್ವೀಪಗಳು. ಅಂಡಮಾನ್ ನಿಕೋಬಾರ್, ಲಕ್ಷದ್ವೀಪಗಳಿಗೆ ದಪ್ಪ ದಾರದಲ್ಲಿ ಗಂಟು ಹೊಲಿಗೆ ಹಾಕಿ. ಲಕ್ಷದ್ವೀಪ ನಮ್ಮ ಕರಾವಳಿಯ ಎದುರಿಗೇ ಇದೆ, ಅದನ್ನು ನಾವೇ ಬಿಡಬಾರದು. ಕಾಸರಗೋಡು ಇರುವ ಜಾಗದಲ್ಲಿ ಕೆಂಪು ದಾರದಲ್ಲಿ ಒಂದು ಚುಕ್ಕಿ ಹಾಕಿ, ನಾವಿರುವುದು ಇಲ್ಲಿ ಅಂತ ಮಕ್ಕಳಿಗೆ ತೋರಿಸಿ.

ಬಟ್ಟೆ ಕಡಿಮೆ ಇದ್ದರೆ ಚರಕದ ಚಿತ್ರ ಮಾಡಿ. ಅದನ್ನು ಮೂರು ಪಟ್ಟಿಯ ಮೇಲೆ ಇಡಬೇಡಿ. 1931ರ ಧ್ವಜದಲ್ಲಿ ಇದೇ ಮೂರು ಬಣ್ಣದ ನಡುವೆ ಚರಕವೇ ಇತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಧ್ವಜವನ್ನು ಒಪ್ಪಿದಾಗ ಆ ಜಾಗಕ್ಕೆ ಅಶೋಕ ಚಕ್ರ ಬಂತು. ಹಾಗಾಗಿ ಕೋರಾ ನೆಲದ ಮೇಲೆ ಚರಕ ಒಂದೇ ಇರಲಿ, ಸುತ್ತ ಸೀರೆಯ ಅಂಚು ಬರಲಿ. ಮನೆಯ ಒಡೆದ ಫೋಟೋ ಫ್ರೇಮುಗಳಿಗೆ ಬಟ್ಟೆ ಸುತ್ತಿ ನಮ್ಮ ಊರಿನವರ ಚಿತ್ರ ಹಾಕಬಹುದು. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಗೋವಿಂದ ಪೈಗಳು ಮಂಜೇಶ್ವರದವರು. ಸ್ವಾತಂತ್ರ್ಯ ಹೋರಾಟಕ್ಕೆ ಇಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ್ದು ನಿಮ್ಮ ಬದಿಯಡ್ಕದ ಪೆರಡಾಲದಲ್ಲೇ. ಅಂಗನವಾಡಿಯ ಗೋಡೆಯಲ್ಲಿ ಅವರ ಮುಖ ಕಂಡರೆ ನನಗಂತೂ ಬಹಳ ಸಂತೋಷ.

ಬಾಗಿಲ ತೋರಣಕ್ಕೆ ಮಾವಿನ ಎಲೆಯ ಆಕಾರದಲ್ಲಿ ಹಸಿರು ಚೂರು, ಗೊಂಡೆ ಹೂವಿನ ಹಾಗೆ ಸುರುಟಿದ ಕೇಸರಿ ಚೂರು, ನಡುವೆ ಬಿಳಿ ದಾರ ಸುತ್ತಿದ ಹಳೆ ಬಳೆ. ಮಳೆಯ ಎರಚಲು ತಾಗದ ಒಳಬಾಗಿಲಿಗೆ ಕಟ್ಟಿ. ಬಾಟಲಿಗೆ ಬಟ್ಟೆ ಪಟ್ಟಿ ಸುತ್ತಿ ಹೂದಾನಿ ಮಾಡುವುದು ನಿಮಗೆ ಗೊತ್ತೇ ಇದೆ. ಗೆರಟೆಯನ್ನು ಉಜ್ಜಿ, ಒಣಗಿಸಿ, ವಾರ್ನಿಷ್ ಹಚ್ಚಿದ ಮೇಲೆಯೇ ಬಳಸಿ. ಅದರೊಳಗೆ ಎಣ್ಣೆ ದೀಪ ಇಟ್ಟು ಸುತ್ತ ಬಟ್ಟೆ ಕಟ್ಟುವುದು ಮಾತ್ರ ಬೇಡ, ಬೆಂಕಿಯ ಅಪಾಯ. ಬಲ್ಬಿಗೆ ಬಟ್ಟೆ ಸುತ್ತುವುದೂ ಬೇಡ. ಅಂಗನವಾಡಿಗೆ ಕೊಡುವುದರಲ್ಲಿ ಬಟನ್, ಮಣಿ, ಗುಂಡುಪಿನ್ನು, ಸ್ಟೇಪಲ್ ಯಾವುದೂ ಇರಬಾರದು. ಸಣ್ಣ ಮಕ್ಕಳು ಕಿತ್ತು ಬಾಯಿಗೆ ಹಾಕುತ್ತಾರೆ.

ನಿಜವಾದ ಧ್ವಜವನ್ನೇ ಕೈಯಿಂದ ಹೊಲಿಯುವ ಆಸೆ ಇದ್ದರೆ ಅದಕ್ಕೂ ದಾರಿ ಇದೆ, ಆದರೆ ಅಳತೆ ತಪ್ಪಬಾರದು. ಉದ್ದ, ಅಗಲ 3:2 ಇರಬೇಕು. ಮೇಜಿನ ಮೇಲಿಡುವ ಧ್ವಜದ ಅಳತೆ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲ. ಅದರಲ್ಲಿ ಚಕ್ರ 25 ಮಿ.ಮೀ. ಚಕ್ರಕ್ಕೆ 24 ಕಡ್ಡಿ, ಕಡು ನೀಲಿ ಬಣ್ಣ, ಎರಡೂ ಬದಿಯಿಂದ ಕಾಣಬೇಕು. ಅಷ್ಟು ಸಣ್ಣ ವೃತ್ತದಲ್ಲಿ 24 ಕಡ್ಡಿ ಕಸೂತಿ ಹಾಕುವುದು ಕಷ್ಟದ ಕೆಲಸ. ಮೊದಲು ಬೇರೆ ಬಟ್ಟೆಯಲ್ಲಿ ಕೈ ಪಳಗಿಸಿ. ಇಲ್ಲದಿದ್ದರೆ ಖಾದಿ ಅಂಗಡಿಯಿಂದ ತನ್ನಿ. ಹಿಂದೆ ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆಯ ಧ್ವಜಕ್ಕೆ ಮಾತ್ರ ಅವಕಾಶ ಇತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಯಂತ್ರದಲ್ಲಿ ನೇಯ್ದದ್ದು, ಪಾಲಿಸ್ಟರ್ ಕೂಡ ನಡೆಯುತ್ತದೆ.

ಕಪಾಟಿನಲ್ಲಿರುವ ಆ ಹರಿದ ಧ್ವಜಕ್ಕೆ ದಯವಿಟ್ಟು ಕತ್ತರಿ ಹಾಕಬೇಡಿ. ಅದು ಹಳೆಯದಾದರೂ, ಹರಿದರೂ ಧ್ವಜವೇ, ನಮ್ಮ ಚೂರುಗಳ ಗೋಣಿಗೆ ಸೇರುವ ಬಟ್ಟೆ ಅಲ್ಲ. ಹರಿದ ಧ್ವಜವನ್ನು ಹಾರಿಸುವಂತೆಯೂ ಇಲ್ಲ. ಅದನ್ನು ಇಡಿಯಾಗಿ, ಖಾಸಗಿಯಾಗಿ, ಗೌರವದಿಂದ ಇಲ್ಲವಾಗಿಸಬೇಕು, ಸುಡುವುದು ಉತ್ತಮ ಎನ್ನುತ್ತದೆ ಧ್ವಜ ಸಂಹಿತೆ. ಗೌರವಕ್ಕೆ ಕುಂದಿಲ್ಲದ ಬೇರೆ ರೀತಿಯೂ ಆಗಬಹುದು. ಪಾಲಿಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಹೊಗೆ ಒಳ್ಳೆಯದಲ್ಲ. ಹಾಗಾಗಿ ಒಳಗೆ ಒಲೆಯಲ್ಲಿ ಬೇಡ. ಮಳೆ ಬಿಟ್ಟ ಹೊತ್ತಿನಲ್ಲಿ ಹಿತ್ತಲಲ್ಲಿ, ಮಕ್ಕಳನ್ನು ದೂರ ಇಟ್ಟು, ಮನೆಯವರಷ್ಟೇ ಇದ್ದು ಮಾಡಿ. ಮುಂದೆ ಹರಿಯದ ಧ್ವಜವನ್ನು ಎತ್ತಿಡುವಾಗ ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಹಿಂದಕ್ಕೆ ಮಡಚಿ. ಆಮೇಲೆ ಚಕ್ರ ಮೇಲೆ ಕಾಣುವ ಹಾಗೆ ಬಿಳಿ ಭಾಗವನ್ನು ಎರಡೂ ಕಡೆಯಿಂದ ಮಡಚಿಡಿ.

ಕೊನೆಗೆ ಮಾರಾಟ. ಎಲೆ ತೋರಣ, ಚರಕದ ಚಿತ್ರ, ಹೂದಾನಿ ಧಾರಾಳವಾಗಿ ಮಾರಬಹುದು. ಎಚ್ಚರ ಬೇಕಾದದ್ದು ಲೇಬಲ್ಲಿನಲ್ಲಿ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ಇದೆ. ಅದರ ಪ್ರಕಾರ ರಾಷ್ಟ್ರಧ್ವಜ, ಸರಕಾರದ ಲಾಂಛನ, ಗಾಂಧೀಜಿಯ ಹೆಸರು ಅಥವಾ ಚಿತ್ರವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಅದಕ್ಕೇ ಚೀಟಿಯಲ್ಲಿ ಧ್ವಜದ ಚಿತ್ರ, ನಾಲ್ಕು ಸಿಂಹ, ಗಾಂಧೀಜಿಯ ಮುಖ ಬೇಡ. ನಿಮ್ಮ ಘಟಕದ ಹೆಸರು, ಬಟ್ಟೆ ಹತ್ತಿಯೋ ಪಾಲಿಸ್ಟರೋ, ಒಗೆಯುವ ಕ್ರಮ ಇಷ್ಟು ಬರೆದರೆ ಸಾಕು. ಇಲ್ಲಿನ ಗಿರಾಕಿಗಳಲ್ಲಿ ಮಲಯಾಳ ಓದುವವರೂ ಇರುತ್ತಾರೆ, ಎರಡೂ ಭಾಷೆಯಲ್ಲಿ ಬರೆಯಿರಿ. ಬೆಲೆ ಹಾಕುವಾಗ ಬಟ್ಟೆ ಚೂರು ಬಿಟ್ಟಿ ಸಿಕ್ಕಿದ್ದು ಅಂತ ಕಡಿಮೆ ಹಾಕಬೇಡಿ. ಚೂರು ಬಿಟ್ಟಿ ಇರಬಹುದು, ನಿಮ್ಮ ಕೈಕೆಲಸ ಬಿಟ್ಟಿ ಅಲ್ಲ. ಹೊಲಿದ ಗಂಟೆಗಳನ್ನು ಬರೆದಿಟ್ಟುಕೊಂಡು ಕೂಲಿ ಸೇರಿಸಿ. ಈ ವರ್ಷ ಮಾರಾಟವಾಗದೆ ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆ ಮುಂಡಿನಲ್ಲಿ ಸುತ್ತಿ, ನವರಾತ್ರಿಯ ಹೊತ್ತಿಗೆ ಬಿಸಿಲು ಬಂದಾಗ ಒಮ್ಮೆ ಹರಡಿ ಒಣಗಿಸಿದರೆ ಜನವರಿ 26ಕ್ಕೆ ಮತ್ತೆ ಸ್ಟಾಲಿಗೆ ಇಡಬಹುದು.